ನರೆತಲೆಯ ರಾಜಮಾತೆ

ಬಹಳ ಬಹಳ ಹಿಂದೆ ಹೊನ್ನಮರಳಿ ಎಂಬ ರಾಜ್ಯವಿತ್ತು. ಎತ್ತ ನೋಡಿದರೂ ಮರಳು. ಅಲ್ಲಿ ಬಿರುದು ಹೇಳದೆ ಯಾರೂ ಯಾರನ್ನೂ ಮಾತನಾಡಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮಾಂತ್ರಿಕನೊಬ್ಬ ಬಂದು ಸಿಂಹಾಸನ ಕೇಳಿದ. ರಾಜಮಾತೆ ಪದುಮಲೆ ಕೊಡಲಾರೆ ಎಂದಳು. ಅವನು ಒಂದು ಹಿಡಿ ಮರಳು ಎರಚಿದ. ಸೇನಾಪತಿ, ಮಂತ್ರಿ, ರಾಜಮಾತೆ ಮೂವರೂ ಅಂಗಳದಲ್ಲಿ ಕಳ್ಳಿಗಿಡಗಳಾಗಿ ನಿಂತರು.

“ಮೈ ನೋಡಿ ನಿಜವಾದ ಹೆಸರಿಟ್ಟರೆ ಇವರು ಬದುಕುತ್ತಾರೆ. ಸುಳ್ಳು ಹೆಸರಿಟ್ಟವರೂ ಕಳ್ಳಿಯಾಗುತ್ತಾರೆ. ಹೊತ್ತು ಮುಳುಗಿದರೆ ಸಿಂಹಾಸನ ನನ್ನದು” ಎಂದ ಮಾಂತ್ರಿಕ.

ಆಸ್ಥಾನಕವಿ, “ವಜ್ರದೇಹಿ, ವೈರಿಕುಲಸಿಂಹ” ಎಂದು ಶುರುಮಾಡಿ ಅಲ್ಲೇ ಕಳ್ಳಿಯಾದ. ರಾಜಗುರುವೂ ಆದ. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬ ಕಳ್ಳಿ.

ಆಗ ಮುಂದೆ ಬಂದವಳು ಕೆಂಚವ್ವ. ರಾಜಮಾತೆಗೆ ಎಣ್ಣೆ ಹಚ್ಚಿ ತಲೆ ಬಾಚುವುದು ಅವಳ ಕೆಲಸ. ತಬ್ಬಲಿಯಾಗಿದ್ದ ಅವಳನ್ನು ಸಾಕಿದವಳು ರಾಜಮಾತೆಯೇ.

ಮೊದಲನೆಯ ಕಳ್ಳಿ ಕಂಬದಂತೆ ನೆಟ್ಟಗೆ ನಿಂತಿತ್ತು. ಕೆಂಚವ್ವ ಮೆಲ್ಲಗೆ ಗೀರಿದಳು. ಉಗುರಿಗೆ ಮೇಣ ಮೆತ್ತಿತು.

“ನೀನು ಮೇಣದಬತ್ತಿ.”

ಕಳ್ಳಿ ಅಲುಗಿ ಸೇನಾಪತಿಯಾಯಿತು. “ಶತ್ರುಭಯಂಕರ ನಾನು. ಮೇಣದಬತ್ತಿಯೇ?”

“ಸ್ವಲ್ಪ ಆಚೆ ನಿಂತು ಭಯಂಕರರಾಗಿ ಮಾವ. ನೆರಳು ಬೀಳುತ್ತಿದೆ.”

ಎರಡನೆಯದು ನೆಲಕ್ಕಂಟಿದ ಚೆಂಡು, ಸುತ್ತಲೂ ಮುಳ್ಳು. ಅವಳು ಬಗ್ಗಿ ನೋಡಿದಳು. ಹೆದರಿ ಮುದುಡಿದ ಪ್ರಾಣಿಯಂತಿತ್ತು.

“ನೀನು ಮುಳ್ಳಿಲಿ.”

ಮಂತ್ರಿ ಎದ್ದು ಬೆವರೊರೆಸಿಕೊಂಡ. “ಸರಿಯಾಗಿಯೇ ಹೇಳಿದೆ ತಾಯಿ. ನನ್ನ ಹೆಂಡತಿಗೆ ಮಾತ್ರ ಹೇಳಬೇಡ.”

ಮೂರನೆಯ ಕಳ್ಳಿಯ ನೆತ್ತಿಯಿಂದ ಬುಡದವರೆಗೆ ಬೆಳ್ಳನೆ ಕೂದಲು ಇಳಿಬಿದ್ದಿತ್ತು. ರಾಜ್ಯವೆಲ್ಲ ಪದುಮಲೆಯನ್ನು ಕಾರ್ಮುಗಿಲ ಮುಡಿಯವಳೆಂದು ಹೊಗಳುತ್ತಿತ್ತು. ವಾರವಾರವೂ ಸೊಪ್ಪು ಅರೆದು ಆ ಮುಡಿಗೆ ಕಪ್ಪು ಹಚ್ಚುತ್ತಿದ್ದವಳು ಕೆಂಚವ್ವ. ಸತ್ತರೂ ಬಾಯಿಬಿಡುವುದಿಲ್ಲವೆಂದು ಆಣೆಯಿಟ್ಟಿದ್ದಳು.

ಬಿಸಿಲು ಕೋಟೆಗೋಡೆಯ ತುದಿ ಸೇರಿತ್ತು.

“ಕರಿಮುಡಿ ಎನ್ನು, ಮುದುಕಿಗೆ ಅದೇ ಇಷ್ಟ” ಎಂದು ಮಾಂತ್ರಿಕ ಪಿಸುಗುಟ್ಟಿದ.

ಕೆಂಚವ್ವ ಆ ಕೂದಲಿನೊಳಗೆ ಬೆರಳು ತೂರಿಸಿದಳು. ಒಳಗಿದ್ದ ಮುಳ್ಳುಗಳು ಹತ್ತೂ ಬೆರಳಿಗೆ ನಾಟಿದವು. ಕೈ ಹಿಂತೆಗೆಯಲಿಲ್ಲ.

“ದೊಡ್ಡವ್ವ, ಆಣೆ ಮುರಿಯುತ್ತಿದ್ದೇನೆ. ನೀನು ನರೆತಲೆ.”

ರಾಜಮಾತೆ ಎದ್ದು ನಿಂತಳು. ಪಂಥ ಸೋತ ಮಾಂತ್ರಿಕ ಕಾಲಿನಿಂದ ತಲೆಯವರೆಗೆ ಮರಳಾಗಿ ಉದುರಿಹೋದ. ಉಳಿದವರಿಗೂ ಕೆಂಚವ್ವ ಹೆಸರಿಟ್ಟು ಬದುಕಿಸಿದಳು. ಮೇಲಿನಿಂದ ನೋಡಿದರೆ ಐದು ಮೂಲೆ ಕಾಣುತ್ತಿದ್ದ ರಾಜಗುರು ನಕ್ಷತ್ರವಾದ, ಏಣೇಣಾಗಿ ಉಬ್ಬಿದ್ದ ಕವಿ ಕರಬೂಜವಾದ. ಅಂದಿನಿಂದ ಹೊನ್ನಮರಳಿಯ ಜನ ಒಬ್ಬರನ್ನೊಬ್ಬರು ಇದ್ದ ಹಾಗೆಯೇ ಕಂಡು, ಕರೆದು, ಸುಖವಾಗಿ ಬಾಳಿದರು. ದೂರದೇಶದ ಪಂಡಿತರೂ ಕಳ್ಳಿಗಳಿಗೆ ತಮ್ಮ ಭಾಷೆಯಲ್ಲಿ ಮೇಣದಬತ್ತಿ, ಮುಳ್ಳಿಲಿ, ನಕ್ಷತ್ರ, ಕರಬೂಜ ಎಂದೇ ಹೆಸರಿಟ್ಟಿದ್ದಾರೆ.

ಆ ಸಂಜೆ ರಾಜಮಾತೆ ಬಿಳಿಗೂದಲು ಹರಡಿಕೊಂಡು ಎಲ್ಲರೆದುರೇ ಮೆಟ್ಟಿಲ ಮೇಲೆ ಕುಳಿತಳು.

“ಆಣೆ ಮುರಿದವಳೇ, ಬಾ ಇಲ್ಲಿ.”

ಕೆಂಚವ್ವ ತಲೆತಗ್ಗಿಸಿ ಹೋದಳು. ಪದುಮಲೆ ಅವಳ ಎರಡೂ ಕೈಗಳನ್ನು ಮಡಿಲಿಗೆಳೆದುಕೊಂಡು, ಒಂದೊಂದಾಗಿ ಮುಳ್ಳು ಕೀಳತೊಡಗಿದಳು.