ಬಕಲ್ಲಿನ ಸದ್ದು

"ಇಲ್ಲಿ ಕೂರಬೇಡ. ನಿನ್ನ ಜಾಗ ಗೇಟಿನ ಒಳಗಿದೆ."

ಮುಷ್ಕರದ ಹತ್ತೊಂಬತ್ತನೇ ದಿನ ಸ್ಟುಡಿಯೋ ಎದುರು ಅವಳು ಅವನಿಗೆ ಹಾಗೆಂದಳು. ಅವಳು ಡಬ್ಬಿಂಗ್ ಕಲಾವಿದೆ. ಅವನು ಪರದೆಯ ಮೇಲಿನವರು ನಡೆದಂತೆ ತಾನೂ ನಡೆದು ಅವರಿಗೆ ಹೆಜ್ಜೆ ಸದ್ದು ಕೊಡುವವನು. ಮುಂದಿನ ತಿಂಗಳು ಮದುವೆಯಾಗಬೇಕಿದ್ದವರು.

"ಏನಾಯ್ತು?"

"ಬೆಳಿಗ್ಗೆ ಕಂಪನಿಯವರು ಹೊಸ ಟ್ರೇಲರ್ ಬಿಟ್ಟಿದಾರೆ. ನಾಯಕಿ ಮೆಟ್ಟಿಲು ಇಳಿಯೋ ಸದ್ದು ನಿಂದೇ. ಎಡಗಾಲು ಚೂರು ತಡವಾಗಿ ಬೀಳತ್ತೆ... ನಂಗೆ ಗೊತ್ತಾಗಲ್ವಾ?"

ಅವನ ಮುಖ ಬಿಳಿಚಿಕೊಂಡಿತು. "ನಾನು ಒಳಗೆ ಹೋಗಿಲ್ಲ."

"ಮತ್ತೆ ಕಾಲು ಮಾತ್ರ ಹೋಗಿತ್ತಾ?"

ಯಾರೂ ನಗಲಿಲ್ಲ. ಸಂಘ ನಡೆಸುವ ಟೈಲರ್ ಅಕ್ಕ ಕನ್ನಡಕ ತೆಗೆದಳು. "ಮಧ್ಯಾಹ್ನ ಸಭೆ ಸೇರೋಣ. ಒಳಗೆ ಹೋಗಿ ಕೆಲಸ ಮಾಡಿದವರಿಗೆ ಸಂಘದಲ್ಲಿ ಜಾಗ ಇಲ್ಲ. ನಿನ್ನ ಹುಡುಗ ಆದ್ರೂ ಅಷ್ಟೇ."

ಅವನು ಚೀಲ ಇಳಿಸಿ ಗೋಡೆಯ ಪಕ್ಕ ದೂರ ನಿಂತ. ಅವಳು ಅವನಿಗೆ ಬೆನ್ನು ತಿರುಗಿಸಿ ಕುಳಿತಳು. ತನ್ನ ಧ್ವನಿಯನ್ನು ಯಂತ್ರಕ್ಕೆ ಕಲಿಸಿ ತನ್ನನ್ನು ಮನೆಗೆ ಕಳಿಸಲು ಹೊರಟವರಿಗೆ ಇವನು ದುಡಿದುಕೊಟ್ಟನೇ?

ಗೇಟಿನೆದುರೇ ಸೇರಿದ ಸಭೆಯಲ್ಲಿ ಅವಳೇ ಫೋನಿನಲ್ಲಿ ಟ್ರೇಲರ್ ಹಾಕಿದಳು. ಎಡಗಾಲಿನ ಹೆಜ್ಜೆ ಎಲ್ಲರಿಗೂ ಕೇಳಿಸಿತು. ಇನ್ನೊಮ್ಮೆ ಹಾಕಿದಾಗ ಹೆಜ್ಜೆಯ ಬೆನ್ನಿಗೇ ಸಣ್ಣದೊಂದು 'ಕಿಣ್'...

ಅವಳು ಫೋನು ಕೆಳಗಿಟ್ಟಳು. ಎದ್ದು ಹೋಗಿ ಅವನ ಚೀಲ ಬಿಚ್ಚಿದಳು. ಕೆಲಸದ ಚಪ್ಪಲಿಗಳನ್ನು ಅವನು ಸ್ಟುಡಿಯೋದಲ್ಲಿ ಬಿಡದೆ ಹೊತ್ತು ತಿರುಗುತ್ತಿದ್ದ. ಎಡಗಾಲಿನದನ್ನು ಅಲುಗಾಡಿಸಿದಳು. ಸದ್ದಿಲ್ಲ.

"ಅಕ್ಕಾ, ಇದು ಹಳೇ ಸದ್ದು. ಈ ಬಕಲ್ ಸಡಿಲ ಇತ್ತು. ಮುಷ್ಕರದ ಹಿಂದಿನ ದಿನ ನಾನೇ ದಪ್ಪ ದಾರದಲ್ಲಿ ಹೊಲಿದೆ. ಆಮೇಲೆ ಇದು ಒಂದು ಸಲನೂ ಕಿಣ್ ಅಂದಿಲ್ಲ. ಇವನನ್ನ ಕೇಳದೆ ಹಳೇ ಚಿತ್ರದಿಂದ ಎತ್ತಿದಾರೆ."

ಅಕ್ಕ ಆ ದಾರವನ್ನು ಉಗುರಿನಿಂದ ಎಳೆದು ನೋಡಿದಳು. "ನಾಳೆ ನಿನ್ನ ಧ್ವನಿಗೂ ಇದೇ ಗತಿ. ಕಂಪನಿಯವರ ಜೊತೆ ಮಾತುಕತೆಗೆ ಈ ಚಪ್ಪಲಿನೂ ತಗೊಂಡು ಹೋಗೋಣ. ಅವನ ಹೆಸರು ಸಂಘದಲ್ಲೇ ಇರ್ಲಿ."

ಅವಳು ಅವನೆದುರು ನಿಂತಳು. ಕಣ್ಣು ತುಂಬಿತ್ತು.

"ನನ್ನ ಕಿವಿನ ನಂಬಿದೆ, ನಿನ್ನ ನಂಬಲಿಲ್ಲ. ತಪ್ಪಾಯ್ತು."

 ಗೇಟಿನೆದುರು ಅವಳಂದಿದ್ದ ಮಾತು ಅವನಿಗೆ ನಿಜಕ್ಕೂ ನೋವು ಮಾಡಿತ್ತು.

"ನನ್ನ ನಡಿಗೆ ಅಷ್ಟೊಂದು ಗೊತ್ತಾ ನಿಂಗೆ?"

"ನೂರು ಜನ ಮೆಟ್ಟಿಲು ಹತ್ತಿದ್ರೂ ನಿಂದು ಗೊತ್ತಾಗತ್ತೆ."

ಅವನು ಗೋಡೆಗೆ ಒರಗಿ ಕುಳಿತು, ಮುಷ್ಕರದ ಫಲಕವನ್ನು ಮಡಿಲಿಗೆ ಎಳೆದುಕೊಂಡ. ಗೇಟು ಇನ್ನೂ ಮುಚ್ಚಿಯೇ ಇತ್ತು.

"ಇಲ್ಲಿ... ನಂಗೆ ಜಾಗ ಇದೆಯಾ?" ಎಂದಳು.

ಅವನು ಸರಿದು ನೆರಳಿನ ಕಡೆ ಬಿಟ್ಟುಕೊಟ್ಟ.

"ನಿಂಗಲ್ದೆ ಇನ್ಯಾರಿಗೆ? ಕೂತ್ಕೊ."