ಪರದೆಯ ಹಿಂದಿನ ಪಿಟೀಲು

ಕಮಾನು ತಂತಿಯ ಮೇಲೆ ಎರಡು ಸಲ ಓಡಾಡಿತು. ಅಷ್ಟಕ್ಕೇ ಅಪರಾಧ ಬಯಲಾಯಿತು.

ಬೆಳಗಿನ ತಾಲೀಮು. ವಾದ್ಯವೃಂದದವರೆಲ್ಲ ತಂತಮ್ಮ ಜಾಗದಲ್ಲಿದ್ದರು. ಹಿಂದಿನ ದಿನವಷ್ಟೇ ಆಯ್ಕೆಯಾದ ಹುಡುಗ ಹೊಸ ಶರ್ಟು ತೊಟ್ಟು, ಹಣೆಗಿಳಿದ ಕ್ರಾಪು ಸವರಿಕೊಳ್ಳುತ್ತ, ಕೊನೆಯ ಸಾಲಿನ ಕೊನೆಯ ಕುರ್ಚಿ ಹಿಡಿದು ಕೂತಿದ್ದ. ನಿರ್ದೇಶಕರು ಖುಷಿಯಲ್ಲಿದ್ದರು.

"ನಿನ್ನೆ ಪರದೆ ಹಿಂದೆ ನುಡಿಸಿದ್ಯಲ್ಲ, ಅದನ್ನೇ ಇನ್ನೊಂದ್ಸಲ ನುಡಿಸು. ಇವರೂ ಕೇಳ್ಲಿ. ಬಾರಪ್ಪ ಮುಂದೆ."

ಹುಡುಗ ಬಂದ. ನುಡಿಸಿದ. ತುಕ್ಕು ಹಿಡಿದ ಬಾಗಿಲು ತೆರೆದ ಹಾಗಾಯಿತು. ಡ್ರಮ್ಮಿನವನು ನೆಲ ನೋಡಿದ. ಕೊಳಲಿನಾಕೆ ಕೆಮ್ಮು ಬಂದವಳಂತೆ ಬಾಯಿ ಮುಚ್ಚಿಕೊಂಡಳು.

ನಿರ್ದೇಶಕರ ಕೈಯಲ್ಲಿದ್ದ ಕಡ್ಡಿ ಜಾರಿ ಬಿತ್ತು.

"ಇವನಲ್ಲ," ಎಂದರು. "ನಿನ್ನೆ ನಾವು ಕೇಳಿದ್ದು ಇವನನ್ನಲ್ಲ."

* * *

ಇನ್ಸ್‌ಪೆಕ್ಟರ್ ಬರುವಾಗಲೇ ಅವಳ ತಲೆ ಕಾದ ಹೆಂಚಾಗಿತ್ತು. ಠಾಣೆಯಲ್ಲಿ ನಿಜವಾದ ಕಳ್ಳರ ಕೇಸುಗಳು ರಾಶಿ ಬಿದ್ದಿದ್ದವು. ಜೊತೆಗಿದ್ದ ಪೇದೆಗೆ ಠಾಣೆಯಲ್ಲೆಲ್ಲ ಮೀಸೆ ಎಂದೇ ಹೆಸರು. ಅವನು ದಾರಿಯುದ್ದಕ್ಕೂ ಸಿನಿಮಾ ಹಾಡು ಗುನುಗಿ ಅವಳ ತಲೆ ಇನ್ನಷ್ಟು ಕಾಯಿಸಿದ್ದ.

"ಫೋನಲ್ಲಿ ಕಳ್ಳತನ ಅಂದ್ರಿ. ಏನು ಹೋಯ್ತು?"

"ಒಂದು ಸೀಟು," ಎಂದರು ನಿರ್ದೇಶಕರು.

"ಒಂದು ಸೀಟಿಗೆ ನನ್ನನ್ನ ಕರೆಸಿದ್ರಾ?"

"ಕಾಯಂ ಕೆಲಸ ಮೇಡಂ," ಎಂದಳು ಗೋಡೆಗೊರಗಿ ನಿಂತಿದ್ದ ಹೆಂಗಸು. ಮನೆಮನೆಗೆ ಹೋಗಿ ಮಕ್ಕಳಿಗೆ ಪಿಟೀಲು ಕಲಿಸುವವಳು. ಎಲ್ಲರ ಬಾಯಲ್ಲೂ ಮಿಸ್ಸು. "ಪಿಟೀಲಿಗೆ ಇಲ್ಲಿ ಒಂದು ಸೀಟು ಖಾಲಿ ಆಗ್ಬೇಕಾದ್ರೆ ಯಾರಾದ್ರೂ ನಿವೃತ್ತಿ ಆಗ್ಬೇಕು, ಇಲ್ಲಾ ಸಾಯ್ಬೇಕು."

ನಿರ್ದೇಶಕರು ವಿವರಿಸಿದರು. ಆಡಿಷನ್ ಪರದೆಯ ಹಿಂದೆ ನಡೆಯುತ್ತದೆ. ಈಚೆ ಐವರು ತೀರ್ಪುಗಾರರು, ಆಚೆ ಒಬ್ಬ ಕಲಾವಿದ. ಹೆಸರಿಲ್ಲ, ನಂಬರು ಮಾತ್ರ. ಮಾತಾಡುವಂತಿಲ್ಲ. ಹೆಜ್ಜೆ ಸದ್ದಿನಿಂದ ಗಂಡೋ ಹೆಣ್ಣೋ ತಿಳಿಯಬಾರದೆಂದು ಚಪ್ಪಲಿಯನ್ನೂ ಹೊರಗೆ ಬಿಡಬೇಕು. ಅಲ್ಲಿಟ್ಟಿರುವ ಹೊಸ ಸ್ವರದ ಹಾಳೆಯನ್ನು ನೋಡಿಕೊಂಡು ಅಲ್ಲೇ ನುಡಿಸಬೇಕು.

"ಮುಖ ನೋಡಿ ಮಣೆ ಹಾಕಬಾರ್ದು ಅಂತ ಈ ಏರ್ಪಾಟು," ಎಂದರು.

"ಭೇಷ್! ಮಣೆ ಹಾಕಿದ್ರಿ. ಅದರ ಮೇಲೆ ಯಾರು ಕೂತ್ರು ಅಂತ ನೋಡೋಕೆ ಒಂದು ನರಪಿಳ್ಳೆ ಇಡ್ಲಿಲ್ಲ!"

ನಿರ್ದೇಶಕರು ಕತ್ತು ತಗ್ಗಿಸಿದರು. "ಐವರೂ ಗುಟ್ಟಾಗಿ ಚೀಟಿ ಬರೆದ್ವಿ ಮೇಡಂ. ಐದರಲ್ಲೂ ಅದೇ ನಂಬರು. ಇಲ್ಲಿ ಹಿಂದೆಂದೂ ಹಾಗಾಗಿರ್ಲಿಲ್ಲ."

"ಸರಿ, ಆ ಹುಡುಗನ್ನ ಕಿತ್ತುಹಾಕಿ, ಎರಡನೆಯವರನ್ನ ಕರೀರಿ. ನಾನು ಹೊರಟೆ."

"ಆಗಲ್ಲ ಮೇಡಂ! ಅವನು ಕೈ ಉಳುಕಿದೆ ಅಂತಾನೆ. ಒಂದು ದಿನ ಕೆಟ್ಟದಾಗಿ ನುಡಿಸಿದ ಅಂತ ತೆಗೆಯೋ ಹಾಗಿಲ್ಲ. ಮೂರು ತಿಂಗಳು ನೋಡ್ಬೇಕು, ಅದು ನಿಯಮ. ಬೇರೆಯವರು ನುಡಿಸಿದ್ದು ಅಂತ ಸಾಬೀತಾದ್ರೆ ಇವತ್ತೇ ಎರಡನೆಯವರಿಗೆ ಕೊಡಬಹುದು."

"ಯಾರು ಎರಡನೆಯವರು?"

"ನಾನು," ಎಂದಳು ಮಿಸ್ಸು.

"ಮೂರು ತಿಂಗಳು ಕಾಯೋಕೇನಮ್ಮ ಕಷ್ಟ?"

"ಮುಂದಿನ ವಾರ ನಂಗೆ ಮೂವತ್ತೈದು ತುಂಬುತ್ತೆ ಮೇಡಂ. ಆಮೇಲೆ ತಗೊಳ್ಳಲ್ಲ. ಅದೂ ನಿಯಮ."

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಹೊರಡುವ ಮಾತು ಅಲ್ಲಿಗೆ ನಿಂತಿತು.

* * *

ಕ್ರಾಪಿನ ಹುಡುಗ ಬಲು ಗಟ್ಟಿ.

"ನಾನೇ ನುಡಿಸಿದ್ದು. ಕೈ ಉಳುಕಿದೆ."

"ಯಾವ ಕೈ?"

"ಎಡ... ಎರಡೂ."

"ನಾಲಿಗೆ ಒಂದು ಉಳುಕಿಲ್ಲ."

ಅವನ ಎದುರು ಮಿಸ್ಸು ನಿಂತಿದ್ದಳು. ಅವಳ ಎಡ ದವಡೆಯ ಕೆಳಗೆ ಕಾಸಿನಗಲದ ಕಪ್ಪು ಕಲೆ.

"ಅದೇನಮ್ಮ, ಸುಟ್ಟಿದ್ದಾ?"

"ಅಲ್ಲ ಮೇಡಂ. ಪಿಟೀಲು ಒತ್ತಿ ಒತ್ತಿ ಆಗಿದ್ದು. ದಿನಾ ನುಡಿಸೋರಿಗೆಲ್ಲ ಇರುತ್ತೆ. ಬಿಟ್ಟರೆ ನಿಧಾನಕ್ಕೆ ಮಾಸಿಹೋಗುತ್ತೆ."

ಇನ್ಸ್‌ಪೆಕ್ಟರ್ ಹುಡುಗನ ಗಲ್ಲ ಹಿಡಿದು ಮೇಲೆತ್ತಿದಳು. ಕತ್ತು ಬೆಣ್ಣೆ ಸವರಿದ ಹಾಗಿತ್ತು. ಸೋಮಾರಿ! ಆದರೆ ಸೋಮಾರಿತನಕ್ಕೆ ಯಾವ ಕಲಮೂ ಇಲ್ಲ.

ವಾಚ್‌ಮನ್ ಗುಟ್ಟು ಹೇಳುವವನಂತೆ ಹತ್ತಿರ ಬಂದ. "ಟೇಪು ಹಾಕಿರ್ತಾನೆ ಮೇಡಂ. ಇಷ್ಟೇ ವಿಷಯ."

ನಿರ್ದೇಶಕರು ತಲೆಯಾಡಿಸಿದರು. ನಡುವೆ ತಡೆದು, ಎರಡನೇ ಸಾಲನ್ನು ನಿಧಾನವಾಗಿ ಮತ್ತೆ ನುಡಿಸಲು ಹೇಳಿದ್ದರಂತೆ. ಹೇಳಿದ ಹಾಗೇ ನುಡಿಯಿತಂತೆ. ಟೇಪು ಹೇಳಿದ ಮಾತು ಕೇಳುವುದಿಲ್ಲ.

ವಾಚ್‌ಮನ್ ಸೋಲೊಪ್ಪಲಿಲ್ಲ. "ಹಾಗಾದ್ರೆ ಅವನ ಮೇಷ್ಟ್ರು. ನಿನ್ನೆ ಸಾಯಂಕಾಲ ಇಲ್ಲೇ ಅಂಗಳದಲ್ಲಿ ಸುಳಿದಾಡ್ತಿದ್ರು."

* * *

ಮೇಷ್ಟ್ರನ್ನು ಮನೆಯಿಂದ ಎಬ್ಬಿಸಿಕೊಂಡು ಬಂದರು. ಬಿಳಿ ತಲೆ, ಸೋಡಾ ಬಾಟಲಿಯ ತಳದಂಥ ಕನ್ನಡಕ, ದವಡೆಯ ಕೆಳಗೆ ಕಪ್ಪು ಕಲೆ. ಇನ್ಸ್‌ಪೆಕ್ಟರಿಗೆ ಕೇಸು ಮುಗಿಯಿತು ಅನ್ನಿಸಿತು.

"ಶಿಷ್ಯನ ಬದಲು ನೀವೇ ನುಡಿಸಿದ್ರಾ?"

"ಆ ಶನಿಗೆ?" ಮೇಷ್ಟ್ರು ಸಿಡಿದರು. "ಪಾಠಕ್ಕೆ ಬಂದು ಮೊಬೈಲ್ ನೋಡ್ತಾನೆ! ಅವನು ಫೇಲಾಗೋದನ್ನ ಕಣ್ಣಾರೆ ಕಂಡು ಹೋಗೋಣ ಅಂತ ಬಂದಿದ್ದೆ. ನಾನು ನುಡಿಸಿದ್ರೆ ಈ ಐವರೂ ಪಾಸು ಮಾಡ್ತಿರ್ಲಿಲ್ಲ. ನನ್ನ ನುಡಿಸಾಣಿಕೆ ಹಳೇ ಕಾಲದ್ದು ಅಂತ ಪೇಪರಲ್ಲಿ ಬರೆದೋರೇ ಇವರು."

ಇನ್ಸ್‌ಪೆಕ್ಟರ್ ಹೇಳಿಕೆಯ ಹಾಳೆ ಕೊಟ್ಟಳು. ಮೇಷ್ಟ್ರು ಅದನ್ನು ಮೂಗಿಗೆ ತಗಲುವಷ್ಟು ಹತ್ತಿರ ಹಿಡಿದು, ವಾಸನೆ ನೋಡುವವರಂತೆ ಓದಿ ಸಹಿ ಹಾಕಿದರು.

ಉಳಿದದ್ದು ಒಬ್ಬಳೇ ಸಾಕ್ಷಿ. ನಿನ್ನೆ ಓಣಿಯಲ್ಲಿ ನಿಂತು ನಂಬರು ಕೂಗಿ, ಒಬ್ಬೊಬ್ಬರನ್ನಾಗಿ ಪರದೆಯ ಕೋಣೆಗೆ ಕಳಿಸಿದವಳು. ಅದೇ ಕಟ್ಟಡದಲ್ಲಿ ಕಲಾವಿದರಿಗೆ ವೃತ್ತಿ ತರಬೇತಿ ನಡೆಸುತ್ತಾಳೆ. ಅರ್ಜಿ ಹೇಗೆ ಬರೆಯಬೇಕು, ಎದುರಿಗಿರುವವರೊಂದಿಗೆ ಹೇಗೆ ಮಾತಾಡಬೇಕು, ಸಂಬಳ ಹೇಗೆ ಕೇಳಬೇಕು, ಎಲ್ಲ ಹೇಳಿಕೊಡುತ್ತಾಳೆ. ಮಾತೆತ್ತಿದರೆ 'ಅವಕಾಶ' ಅನ್ನುವುದರಿಂದ ಊರಿಗೆಲ್ಲ ಅವಕಾಶದಕ್ಕ.

ಬಣ್ಣದ ಕೂದಲು, ಸುಡುವ ಬಿಸಿಲಿನಲ್ಲೂ ಕತ್ತಿಗೆ ರೇಷ್ಮೆ ಸ್ಕಾರ್ಫು, ನಡೆದರೆ ಇಪ್ಪತ್ತರ ಹುಡುಗಿ.

"ಅವನನ್ನ ನಾನೇ ಒಳಗೆ ಕಳಿಸಿದ್ದು ಮೇಡಂ. ಬಾಗಿಲು ಹಾಕಿದ್ದೂ ನಾನೇ. ಪಾಪ, ಚೀಟಿ ಎತ್ತಿದಾಗ ಅವನಿಗೆ ಕೊನೇ ನಂಬರು ಬಂತು. ಕಾದೂ ಕಾದೂ ಬಳಲಿದ್ದ. ಇವತ್ತು ಗಾಬರಿ ಆಗಿದಾನೆ ಅಷ್ಟೆ. ಅಂದ ಹಾಗೆ, ನೀವು ಮಾತಾಡೋವಾಗ ಭುಜ ಸ್ವಲ್ಪ ಕೆಳಗೆ ಬಿಡಿ. ಎದುರಿಗಿರೋರಿಗೆ ಭಯ ಆಗಲ್ಲ."

"ಭಯ ಆಗ್ಲಿ ಅಂತಲೇ ಎತ್ತಿರೋದು. ಈ ನಿಯಮದ ಹಾಳೇಲಿ ವಯಸ್ಸಿನ ವಿಷಯ ಏನಿದೆ, ಓದಿ."

ಅವಕಾಶದಕ್ಕ ಹಾಳೆಯ ಕಡೆ ನೋಡಲೇ ಇಲ್ಲ. "ಬಾಯಿಪಾಠ ಬಿಡಿ. ಮೂವತ್ತೈದು ದಾಟಿದವರು ಅರ್ಹರಲ್ಲ. ನನಗೂ ಒಂದು ಕಾಲದಲ್ಲಿ ಅದೇ ಅಡ್ಡ ಬಂತು. ಅವತ್ತೇ ಪಿಟೀಲು ಅಟ್ಟಕ್ಕೆ ಹಾಕಿದೆ. ಮತ್ತೆ ಮುಟ್ಟಿಲ್ಲ."

ಮಿಸ್ಸು ಅವಳಿಗೊಂದು ಲೋಟ ಚಹಾ ತಂದುಕೊಟ್ಟಳು. "ಅಕ್ಕ ಇಲ್ಲದಿದ್ರೆ ನಾನು ಅರ್ಜೀನೇ ಹಾಕ್ತಿರ್ಲಿಲ್ಲ ಮೇಡಂ. 'ಇದೇ ನಿನ್ನ ಕೊನೇ ವರ್ಷ ಕಣೇ, ಹಾಕು' ಅಂತ ಬೈದು ಹಾಕಿಸಿದ್ರು."

ಅವಕಾಶದಕ್ಕ ಚಹಾ ಊದುತ್ತ ಕಿಟಕಿಯ ಕಡೆ ತಿರುಗಿದಳು.

* * *

ಪರದೆಯ ಕೋಣೆಗೆ ನಿನ್ನೆ ಆಡಿಷನ್ ಮುಗಿದ ಕೂಡಲೇ ಬೀಗ ಬಿದ್ದಿತ್ತು. ವಾಚ್‌ಮನ್ ತೆರೆದ. ಒಳಗೆ ಕಾರ್ಪೆಟ್ಟು, ಒಂದು ಕುರ್ಚಿ, ಹಾಳೆ ಇಡುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಸ್ವರದ ಹಾಳೆ ಹಾಗೇ ಇತ್ತು. ಕುರ್ಚಿಯ ಹತ್ತಿರವೇ ಕಾರ್ಪೆಟ್ಟಿನಲ್ಲಿ ಮೂರು ಆಳವಾದ ಗುಳಿಗಳು. ಸ್ಟ್ಯಾಂಡು ಮಾತ್ರ ಅಲ್ಲಿರಲಿಲ್ಲ. ದೂರದಲ್ಲಿ, ಹೆಚ್ಚುಕಡಿಮೆ ಗೋಡೆಗೆ ತಾಗಿಕೊಂಡಿತ್ತು.

ಇನ್ಸ್‌ಪೆಕ್ಟರ್ ಕೋಣೆಯನ್ನು ಸುತ್ತಿದಳು. ಮತ್ತೆ ಸುತ್ತಿದಳು. ಏನೂ ಹೊಳೆಯಲಿಲ್ಲ. ಸಿಟ್ಟಿನಿಂದ ಕುರ್ಚಿಯಲ್ಲಿ ಕುಕ್ಕರಿಸಿ ಮಿಸ್ಸಿನ ದೂರಿನ ಹಾಳೆ ತೆಗೆದಳು. ಇರುವೆ ಸಾಲಿನಂಥ ಅಕ್ಷರ. ಹಾಳೆಯನ್ನು ದೂರ ಹಿಡಿದಳು. ಇನ್ನೂ ದೂರ ಹಿಡಿದಳು.

ಮೀಸೆ ಕಿಸಕ್ಕೆಂದ. "ಕೈ ಸಾಲ್ತಿಲ್ವಾ ಮೇಡಂ? ಕನ್ನಡಕ ಜೀಪಲ್ಲೇ ಇದೆ. ತರ್ಲಾ, ಇಲ್ಲಾ ನಾನೇ ಹಿಡ್ಕೊಂಡು ಗೋಡೆ ಹತ್ರ ನಿಲ್ಲಲಾ?"

"ಬಾಯ್ಮುಚ್ಚು!" ಎಂದವಳು ತಟ್ಟನೆ ನಿಲ್ಲಿಸಿದಳು. ಚಾಚಿದ ಕೈ ಹಾಗೇ ಇತ್ತು. ಕೈಯ ನೇರಕ್ಕೆ ಸ್ಟ್ಯಾಂಡು ಇತ್ತು. ಕೂತಲ್ಲಿಂದ ಅದರ ಮೇಲಿನ ಸ್ವರದ ಹಾಳೆ ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಲ್ಲರನ್ನೂ ಕರಿ. ಓಡು."

* * *

"ನೆಲ ನೋಡಿ," ಎಂದಳು ಇನ್ಸ್‌ಪೆಕ್ಟರ್. "ದಿನವಿಡೀ ನುಡಿಸಿದೋರೆಲ್ಲ ಸ್ಟ್ಯಾಂಡನ್ನ ಈ ಗುಳಿ ಮೇಲೇ ಇಟ್ಕೊಂಡಿದ್ರು. ಕೊನೆಗೆ ಬಂದೋರು ಅದನ್ನ ಗೋಡೆಗೆ ತಳ್ಳಿದ್ರು. ಆಮೇಲೆ ಬೀಗ ಬಿತ್ತು. ಇಷ್ಟು ದೂರ ಯಾಕೆ ತಳ್ಬೇಕು? ಹತ್ತಿರದ್ದು ಕಾಣದೋರು ತಳ್ತಾರೆ. ಚಾಳೀಸು! ನಲವತ್ತು ದಾಟಿದ ಮೇಲೆ ಬರೋ ಕಾಯಿಲೆ. ಈ ಹುಡುಗನಿಗೆ ಇನ್ನೂ ಗಡ್ಡವೇ ನೆಟ್ಟಗೆ ಬಂದಿಲ್ಲ."

"ನಾನಲ್ಲ!" ಎಂದರು ಮೇಷ್ಟ್ರು.

"ನೀವಲ್ಲ ಬಿಡಿ. ಹಾಳೇನ ಮೂಗಿಗೆ ಒರೆಸ್ಕೊಂಡು ಓದೋರು ನೀವು. ನೀವಾಗಿದ್ರೆ ಸ್ಟ್ಯಾಂಡು ನಿಮ್ಮ ತೊಡೆ ಮೇಲೆ ಕೂತಿರ್ತಿತ್ತು."

ಅವಳು ಅವಕಾಶದಕ್ಕನ ಕಡೆ ತಿರುಗಿದಳು. "ಇದು ನಿಮ್ಮ ಹೇಳಿಕೆ. ಓದಿ ಸಹಿ ಹಾಕಿ."

"ಓದೋದೇನಿದೆ, ನೀವು ಬರೆದಿದ್ದೇ..."

"ಓದಿ. ಗಟ್ಟಿಯಾಗಿ."

ಅವಕಾಶದಕ್ಕ ಹಾಳೆ ತೆಗೆದುಕೊಂಡಳು. ಮೊದಲು ಹತ್ತಿರ ಹಿಡಿದಳು. ತುಟಿ ಅಲುಗಿತು, ಮಾತು ಬರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಪೂರ್ತಿ ಚಾಚಿತು. ಎಲ್ಲರೂ ಆ ಕೈ ನೋಡಿದರು. ಆಮೇಲೆ ಸ್ಟ್ಯಾಂಡು ನೋಡಿದರು.

"ಚಾಳೀಸು ಯಾರಿಗಿಲ್ಲ?" ಅವಳ ದನಿ ಒಡೆದಿತ್ತು. "ನಿಮಗೂ ಇದೆ."

"ಇದೆ. ಆದ್ರೆ ನಂಗೆ ಪಿಟೀಲು ಬರಲ್ಲ. ಅಟ್ಟಕ್ಕೆ ಹಾಕಿದ ಪಿಟೀಲು ಕತ್ತಿನ ಮೇಲೆ ಕಲೆ ಮಾಡಲ್ಲ. ಆ ಸ್ಕಾರ್ಫ್ ತೆಗೀರಿ."

ಅವಕಾಶದಕ್ಕ ತೆಗೆಯಲಿಲ್ಲ. ಅಷ್ಟರಲ್ಲಿ ಕ್ರಾಪಿನ ಹುಡುಗ ಅಳತೊಡಗಿದ.

"ನಾನು ಆಗ್ಲೇ ಬೇಡ ಅಂದೆ ಅಕ್ಕಾ! ಮೇಡಂ, ನನ್ನನ್ನ ಪೊರಕೆ ಇಡೋ ಗೂಡಲ್ಲಿ ಕೂರಿಸಿದ್ರು. ಕೊನೇ ನಂಬರನ್ನ ಅವರೇ ನನ್ನ ಕೈಗೆ ಇಟ್ಟಿದ್ದು. ಓಣೀಲಿ ಯಾರೂ ಇರ್ಲಿಲ್ಲ. ನನ್ನ ಪಿಟೀಲು ತಗೊಂಡು ಬರಿಗಾಲಲ್ಲಿ ಒಳಗೆ ಹೋದ್ರು. ಕೆಲಸ ಸಿಕ್ಕರೆ ಹಿಂದಿನ ಸಾಲಲ್ಲಿ ಗುಂಪಲ್ಲಿ ಗೋವಿಂದ ಅಂತ ಕಾಲ ಹಾಕೋಣ ಅಂದ್ಕೊಂಡಿದ್ದೆ. ಒಬ್ಬನೇ ನುಡಿಸು ಅಂತಾರೆ ಅಂತ ಯಾರಿಗ್ಗೊತ್ತಿತ್ತು?"

ಅವಕಾಶದಕ್ಕ ನಿಧಾನವಾಗಿ ಸ್ಕಾರ್ಫ್ ಬಿಚ್ಚಿದಳು. ಎಡ ದವಡೆಯ ಕೆಳಗೆ ಕಲೆ. ಮಿಸ್ಸಿನದಕ್ಕಿಂತ ಕಪ್ಪು.

"ನಂಗೆ ಕೆಲಸ ಬೇಕಿರ್ಲಿಲ್ಲ," ಎಂದಳು. "ಈ ಪರದೆ ಕಟ್ಟೋ ಪದ್ಧತಿ ಬರೋ ಹೊತ್ತಿಗೆ ನನ್ನ ವಯಸ್ಸು ಮೀರಿತ್ತು. ಅದಕ್ಕೆ ಮುಂಚೆ ಮುಖ ನೋಡಿ ಕಳಿಸ್ತಿದ್ರು. ಇಷ್ಟು ವರ್ಷ ಊರವರಿಗೆಲ್ಲ ದಾರಿ ಹೇಳ್ಕೊಟ್ಟೆ. ನನ್ನ ಕೈಲಿ ಇತ್ತಾ, ಇಲ್ವಾ ಅಂತ ನಂಗೇ ಗೊತ್ತಿಲ್ಲ. ಒಂದ್ಸಲ ಗೊತ್ತಾಗ್ಬೇಕಿತ್ತು."

"ಅದಕ್ಕೆ ಕೆಟ್ಟದಾಗಿ ನುಡಿಸೋ ಒಬ್ಬ ಬೇಕಿತ್ತು," ಎಂದಳು ಇನ್ಸ್‌ಪೆಕ್ಟರ್. "ಯಾಕಂದ್ರೆ ಚೆನ್ನಾಗಿ ನುಡಿಸೋನು ಒಪ್ಪಲ್ಲ."

ಮಿಸ್ಸು ಮುಂದೆ ಬಂದಳು. ಕೂಗಾಡಲಿಲ್ಲ.

"ಅಕ್ಕಾ, ಇದು ನನ್ನ ಕೊನೇ ವರ್ಷ ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಆಮೇಲೂ?"

"ನುಡಿಸೋಕೆ ಶುರು ಮಾಡಿದ ಮೇಲೆ ಯಾರೂ ನೆನಪಾಗ್ಲಿಲ್ಲ ಕಣೇ," ಎಂದಳು ಅವಕಾಶದಕ್ಕ. "ನೀನೂ ನೆನಪಾಗ್ಲಿಲ್ಲ."

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಇಂಥ ಕಲಾವಿದೆಯನ್ನ ನಾವು..."

"ನೀವು ಸುಮ್ನಿರಿ ಸ್ವಾಮಿ!" ಇನ್ಸ್‌ಪೆಕ್ಟರ್ ಗುಡುಗಿದಳು. "ಇದೇ ಮುಂದಿನ ವಾರ ಆಗಿದ್ರೆ ಈ ಮಿಸ್ಸನ್ನೂ ಹೀಗೇ ಹೊರಗೆ ಹಾಕ್ತಿದ್ರಿ. ಪರದೆ ಹಿಂದೆ ಇರೋರ ಮುಖ ಬೇಡ, ಹೆಸರು ಬೇಡ, ಹೆಜ್ಜೆ ಸದ್ದೂ ಬೇಡ. ಜಾತಕ ಮಾತ್ರ ಬೇಕು! ಆ ವಯಸ್ಸಿನ ನಿಯಮ ಬರೆದೋನ ಮೇಲೆ ಹಾಕೋಕೆ ನನ್ನ ಹತ್ರ ಕಲಮಿಲ್ಲ, ಅದೇ ನನ್ನ ಹೊಟ್ಟೆಯುರಿ. ಈ ಹುಡುಗೀನ ಕೂರಿಸಿ. ಈಗಲೇ."

* * *

ಜೀಪು ಅಂಗಳದಲ್ಲಿತ್ತು. ಕ್ರಾಪಿನ ಹುಡುಗ ಹಿಂದಿನ ಮೂಲೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ಅವಕಾಶದಕ್ಕ ಸ್ಕಾರ್ಫನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದಳು.

ಒಳಗೆ ಪಿಟೀಲು ಶುರುವಾಯಿತು. ನಡುವೆ ನಿಂತಿತು. ಕಬ್ಬಿಣದ ಸ್ಟ್ಯಾಂಡನ್ನು ಯಾರೋ ಹತ್ತಿರಕ್ಕೆ ಎಳೆದುಕೊಂಡ ಸದ್ದು. ಮತ್ತೆ ಪಿಟೀಲು.

ಅವಕಾಶದಕ್ಕ ಕಣ್ಣು ಮುಚ್ಚಿ ಕೇಳಿದಳು. "ಎರಡನೇ ಸಾಲಲ್ಲಿ ಅವಸರ ಮಾಡ್ತಾಳೆ. ಯಾವಾಗಲೂ ಅಷ್ಟೆ." ಆಮೇಲೆ ದನಿ ತಗ್ಗಿಸಿ, "ಮೇಡಂ, ಐದೂ ಜನ ಒಪ್ಪಿದ್ರಾ? ಅದನ್ನ ಯಾರೂ ಹೇಳ್ಲಿಲ್ಲ."

ಇನ್ಸ್‌ಪೆಕ್ಟರ್ ಉತ್ತರ ಕೊಡಬಾರದು ಎಂದುಕೊಂಡಳು. ಕಳ್ಳರಿಗೆ ಕದ್ದ ಮಾಲಿನ ಬೆಲೆ ಹೇಳುವ ಪದ್ಧತಿ ಅವಳಿಗಿರಲಿಲ್ಲ.

"ಐದಕ್ಕೆ ಐದು," ಎಂದಳು ಹಲ್ಲು ಕಚ್ಚಿ. "ಇನ್ನು ತುಟಿ ಪಿಟಕ್ಕೆನ್ನದೆ ಕೂತ್ಕೊಳ್ಳಿ."

ಜೀಪಿನ ಬಾಗಿಲನ್ನು ದಢಾರನೆ ಹಾಕಿದಳು. ಅದು ಕೂರಲಿಲ್ಲ. ಬೈದುಕೊಂಡು ಇನ್ನೊಮ್ಮೆ ಹಾಕಿದಳು.