ಹಾನಗಲ್ ಕ್ರಾಸ್‌ನ ವಿಡಿಯೋ

"ತಲೆ ಬಗ್ಗಿಸಲೇ!"

ನಾನು ಕೂಗಿದ್ದೇ ತಡ, ಜೀಪಿನ ಹಿಂದಿನ ಗಾಜು ಪುಡಿಪುಡಿಯಾಯಿತು!

ಸೀಟಿನ ಕೆಳಗೆ ಮುದುಡಿದ್ದವನು ಅಫ್ಸರ್. ಚಳ್ಳಕೆರೆಯ ಲಾರಿ ಮೆಕ್ಯಾನಿಕ್. ನನ್ನ ತಮ್ಮ ಶಶಿಕಾಂತನನ್ನು ಕೊಂದವನು ಇವನೇ ಅಂತ ಊರೆಲ್ಲ ತೀರ್ಪು ಕೊಟ್ಟಾಗಿತ್ತು.

ಬೆನ್ನಟ್ಟಿದ್ದ ಬೊಲೆರೊದಲ್ಲಿ ನಮ್ಮ ದೊಡ್ಡಪ್ಪ ಮುರುಗೇಂದ್ರಪ್ಪ, ಆಯಿಲ್ ಮಿಲ್ಲಿನ ಮಾಲೀಕರು. ಜೊತೆಗೆ ಅವರ ಆಳುಗಳು. ಕೈಯಲ್ಲಿ ಕಲ್ಲು, ರಾಡು.

ನಾನು ಮಹಾಂತೇಶ. ಪೊಲೀಸ್ ಕೆಲಸ ಬಿಟ್ಟವನು. ಕಳುವಾದ ಲಾರಿ ಹುಡುಕಿಕೊಡೋದು ಈಗಿನ ಕಸುಬು. ಅವತ್ತು ಮುಂಜಾನೆ ತಮ್ಮನ ಹೆಣ ಕುದಾಪುರದ ಹುಲ್ಲುಗಾವಲಿನ ಅಂಚಿನಲ್ಲಿ ಸಿಕ್ಕಿತ್ತು. ಪಕ್ಕದಲ್ಲಿ ಅಫ್ಸರನ ವೀಲ್ ಸ್ಪ್ಯಾನರ್. ನೋಡಿದೆ. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ದವಡೆ ಮರಗಟ್ಟುತ್ತಲ್ಲ ಸ್ವಾಮಿ... ಮೈಯೆಲ್ಲ ಹಾಗಾಗಿತ್ತು.

ಗ್ಯಾರೇಜಿಗೆ ಬೆಂಕಿ ಇಡಲು ಬಂದವರ ನಡುವಿನಿಂದ ಅಫ್ಸರನನ್ನು ಎಳೆದು ಜೀಪಿಗೆ ಹಾಕಿದ್ದು ನಾನೇ.

"ನನ್ನ ನಂಬ್ತೀಯಾ ಅಣ್ಣಾ?"

"ಇಲ್ಲ."

"ಮತ್ಯಾಕೆ ಉಳಿಸಿದೆ?"

"ನೀನೇ ಕೊಂದೆ ಅಂತಾನೂ ನಂಬಿಲ್ಲ. ನಿನ್ನೆ ಸಾಯಂಕಾಲದಿಂದ ಎಲ್ಲಿದ್ದೆ?"

"ಹಾನಗಲ್ ಕ್ರಾಸ್‌ನಾಗೆ. ಲಕ್ಷ್ಮೀದೇವಕ್ಕನ ಹೋಟ್ಲು ಮುಂದೆ ಲಾರಿ ಕೆಟ್ಟಿತ್ತು. ಬೆಳಗಾಗೋ ತನ್ಕ ಅದ್ರ ಅಡೀಲೇ ಇದ್ದೆ. ಸ್ಪ್ಯಾನರ್ ಯಾರು ಒಯ್ದ್ರೋ ಗೊತ್ತಿಲ್ಲ. ಅಲ್ಲಾ ಕಸಮ್!"

"ಆಣೆ ಬ್ಯಾಡ. ಸಾಕ್ಷಿ ಬೇಕು. ಸುಳ್ಳಾಗಿದ್ರೆ ಬಾಗಿಲು ತೆಗೆದು ನಾನೇ ಕೆಳಗಿಳಿಸ್ತೀನಿ."

ತಳಕು ದಾಟಿದೆವು. ಎದುರಿಗೆ ಲಾರಿಗಳ ಸಾಲು... ಎರಡರ ನಡುವೆ ನುಗ್ಗಿಸಿದೆ! ಹಿಂದೆ ಬ್ರೇಕಿನ ಕಿರುಚಾಟ. ಬೊಲೆರೊ ಹಿಂದುಳಿಯಿತು.

ಹೋಟೆಲಿನಲ್ಲಿ ಲಕ್ಷ್ಮೀದೇವಕ್ಕ ಮಂಡಕ್ಕಿ ಕಲೆಸುತ್ತಿದ್ದಳು. ಅಫ್ಸರನನ್ನು ನೋಡಿ ಹುಬ್ಬೇರಿಸಿದಳು.

"ಏನಪ್ಪಾ, ಬೆಳಗ್ಗೆ ತಾನೇ ಹೋದೆ, ಮತ್ತೆ ಬಂದ್ಯಾ?"

"ರಾತ್ರಿಯೆಲ್ಲ ಇಲ್ಲೇ ಇದ್ನಾ ಅಕ್ಕಾ?" ಕೇಳಿದೆ.

"ಇನ್ನೆಲ್ಲಿ? ಸಂಜೆ ರೇಡಿಯೇಟರ್ ಬುಸ್ ಅಂದಿದ್ದು ನಮ್ಮ ಹರ್ಷಿತಾ ವಿಡಿಯೋ ಮಾಡ್ಯಾಳೆ, ನೋಡು."

ಅವಳ ಮಗಳು ಮೊಬೈಲ್ ಕೊಟ್ಟಳು. ಹಬೆ. ಬೆಚ್ಚಿ ಹಿಂದಕ್ಕೆ ಬಿದ್ದ ಅಫ್ಸರ್. ಹರ್ಷಿತಾಳ ನಗು. ಅವನ ಹಿಂದೆ, ಹಂಪ್ ಹತ್ತಿರ ನಿಧಾನವಾದ ಬಿಳಿ ಬೊಲೆರೊ...

ಮುಂದಿನ ಸೀಟಿನಲ್ಲಿ ಶಶಿ!

ಬದುಕಿದ್ದ. ಏನೋ ತಿನ್ನುತ್ತಿದ್ದ. ಸ್ಟೀರಿಂಗ್ ಹಿಡಿದಿದ್ದವರು ದೊಡ್ಡಪ್ಪ.

ನಿನ್ನೆಯೆಲ್ಲ ದಾವಣಗೆರೆಯಲ್ಲಿದ್ದೆ ಅಂತ ಹೆಣದ ಮುಂದೆ ಅತ್ತವರು!

ಮತ್ತೆ ಹಾಕಿ ನೋಡಿದೆ. ಮತ್ತೆ. ಎದೆಯಲ್ಲಿ ಏನೂ ಆಗಲಿಲ್ಲ.

ಹೊರಗೆ ಬೊಲೆರೊ ಬಂದು ನಿಂತಿತು. ದೊಡ್ಡಪ್ಪ ಇಳಿದರು.

"ತಮ್ಮನ್ನ ಕೊಂದವನನ್ನ ಕಾಯ್ತೀಯೇನಲೇ? ಬಿಡು ಅವನ್ನ!"

ವಿಡಿಯೋ ಹಾಕಿ ಮೊಬೈಲ್ ಎತ್ತಿ ಹಿಡಿದೆ. ಅವರ ಜೊತೆ ಇಳಿದಿದ್ದ ಮಿಲ್ಲಿನ ಆಳು ಗಂಗರಾಜು ಇಣುಕಿದ. ಅವನ ಮುಖ ಕಪ್ಪಿಟ್ಟಿತು.

"ಸಾಹುಕಾರ್ರೇ... ದಾವಣಗೆರೆ ಅಂದಿದ್ರಲ್ರೀ?"

ದೊಡ್ಡಪ್ಪ ಬೊಲೆರೊ ಬಾಗಿಲಿಗೆ ಕೈ ಹಾಕಿದರು.

"ಇವ್ರೇ! ಇವ್ರೇ ಕೊಂದಿದ್ದು! ಹಾಕ್ರಲೇ!" ಅಫ್ಸರ್ ಚೀರಿದ.

ಗಂಗರಾಜುವಿನ ರಾಡು ದೊಡ್ಡಪ್ಪನ ತಲೆಯ ಮೇಲೆದ್ದಿತು... ನಡುವೆ ನುಗ್ಗಿದೆ. ಏಟು ನನ್ನ ಭುಜಕ್ಕೆ ಬಿತ್ತು. ನೋವೂ ಗೊತ್ತಾಗಲಿಲ್ಲ.

"ಜೊತೆಗೆ ಕೂತಿದ್ದು ಕೊಲೆ ಅಲ್ಲ ಲೇ! ಇವ್ರ ಮಾತೂ ಕೇಳ್ಬೇಕು. ಠಾಣೆಯಾಗೆ. ಕೋರ್ಟ್‌ನಾಗೆ."

"ಸತ್ತಿರೋದು ನಿನ್ನ ತಮ್ಮ ಅಣ್ಣಾ!" ಅಫ್ಸರ್ ಕೂಗಿದ.

"ಗೊತ್ತೈತೆ."

ದೊಡ್ಡಪ್ಪನನ್ನು ನನ್ನ ಪಕ್ಕಕ್ಕೆ ಹತ್ತಿಸಿಕೊಂಡು ಮೊಳಕಾಲ್ಮೂರಿನ ಠಾಣೆ ಕಡೆ ಜೀಪು ತಿರುಗಿಸಿದೆ.

"ಮಹಾಂತೇಶ... ನಾನು..."

"ಈಗ ಬ್ಯಾಡ ದೊಡ್ಡಪ್ಪ. ಬರೆದುಕೊಳ್ಳೋರ ಮುಂದೆ ಹೇಳಿ."

ಅವರ ಸೀಟ್ ಬೆಲ್ಟ್ ಎಳೆದು ನಾನೇ ಬಿಗಿದೆ. ಪ್ರೀತಿಗಲ್ಲ ಸ್ವಾಮಿ... ಹೆಣದ ಹೇಳಿಕೆ ಯಾವ ಕೋರ್ಟೂ ತಗೊಳ್ಳಲ್ಲ!